ಹದಿನಾಲ್ಕು ಸೆಂಟಿಮೀಟರ್

ಲಿಯೋನ್, ಕ್ರುವಾ-ರೂಸ್ ಗುಡ್ಡ
ಶುಕ್ರವಾರ, ನವೆಂಬರ್ ೨೧, ಬೆಳಗ್ಗೆ ಎಂಟೂವರೆ

ಮುನಿಸಿಕೊಂಡು ಕೂತಿರುವ ನನ್ನ ಯಾಮ್ನಾಗೆ,

ಹೇಗಿದ್ದೀಯ? ಅತ್ತೆಯ ಮಂಡಿನೋವು ಹೇಗಿದೆ? ಹೋದ ತಿಂಗಳು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದಾರೋ, ಇಲ್ಲಾ ವಾಸನೆ ಚೆನ್ನಾಗಿದೆ ಅಂತ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟುಬಿಟ್ಟರೋ? ನಮ್ಮೂರು ಖೆನಿಫ್ರಾದ ಮೇಲಿನ ಬೆಟ್ಟಕ್ಕೆ ಆಗಲೇ ಹಿಮ ಬಿತ್ತಂತೆ, ಹೌದಾ? ಹೇಸರಗತ್ತೆ ಕುಂಟುವುದು ನಿಂತಿತಾ? ಇದೆಲ್ಲ ಫೋನಿನಲ್ಲಿ ಕೇಳಬೇಕಾದ್ದು. ಆದರೆ ಮೂರು ವಾರದಿಂದ ನೀನು ಫೋನು ಎತ್ತುತ್ತಿಲ್ಲ. ಅತ್ತೆ ಎತ್ತುತ್ತಾರೆ, "ಅವ್ಳು ನೀರಿಗೆ ಹೋಗಿದಾಳಪ್ಪಾ" ಅನ್ನುತ್ತಾರೆ, ಹಿಂದೆ ನೀನು ಕೆಮ್ಮುವುದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಿನ್ನ ತಮ್ಮ ಲಹ್ಸನ್ ಮಧ್ಯಾಹ್ನ ವ್ಯಾನು ತೆಗೆದುಕೊಂಡು ಊರಿಗೆ ಹೊರಡುತ್ತಿದ್ದಾನೆ, ಅವನ ಕೈಗೆ ಕೊಡುತ್ತೇನೆ. ಕಾಗದಕ್ಕೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ, ನನಗೂ ರೇಗುವ ಹಾಗಿಲ್ಲ. ಅತ್ತೆಗೆ ಮಾತ್ರ ಪೂರ್ತಿ ಓದಿ ಹೇಳಬೇಡ, ಅಳಿಯನ ಬಗ್ಗೆ ಅವರಿಗೆ ಉಳಿದಿರುವ ಒಂದಿಷ್ಟು ಮರ್ಯಾದೆಯೂ ಹೋದೀತು.

ನಾನು ಆರೋಗ್ಯವಾಗಿದ್ದೇನೆ. ಸುಳ್ಳು. ಮೂರು ದಿನದಿಂದ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಈಗ ನಮ್ಮ ಮನೆಯ ನಟ್ಟನಡುವೆ ಬಕೆಟ್ಟು ಬೋರಲು ಹಾಕಿ ಕೂತಿದ್ದೇನೆ, ಮೈಮೇಲೆ ಕೋಟು, ಕೈ ಮರಗಟ್ಟಿದೆ. ಅಕ್ಷರ ಸೊಟ್ಟಗಿದ್ದರೆ ಅದು ಚಳಿಯಿಂದ, ಕುಡಿದಿದ್ದೇನೆ ಅಂದುಕೊಳ್ಳಬೇಡ. ಹತ್ತು ಗಂಟೆಗೆ ಒಬ್ಬ ಹೆಂಗಸು ಬರುತ್ತಾಳೆ. ನೀನು ಈ ದೇಶಕ್ಕೆ ಬರುವುದೋ ಬಿಡುವುದೋ ಅವಳ ಕೈಯಲ್ಲಿರುವ ಒಂದು ಸಣ್ಣ ಯಂತ್ರದ ಮೇಲಿದೆ. ಮೊದಲಿಂದ ಹೇಳುತ್ತೇನೆ, ಎದ್ದು ಹೋಗಬೇಡ.

ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಇವರು ಎರಡು ವಿಷಯ ಕೇಳುತ್ತಾರೆ ಅಂತ ನಿನಗೆ ಗೊತ್ತಲ್ಲ. ಒಂದು, ವರ್ಷಪೂರ್ತಿ ತಪ್ಪದೆ ಸಂಬಳ ಬಂದ ಚೀಟಿಗಳು. ಎರಡು, ಗಂಡಹೆಂಡಿರಿಬ್ಬರಿಗೆ ಇಪ್ಪತ್ತೆರಡು ಚದರ ಮೀಟರ್ ಮನೆ. ಕೇಳುವಾಗ ಏನು ಮಹಾ ಅನ್ನಿಸುತ್ತದೆ. ಮೊದಲನೆಯದಕ್ಕಾಗಿ ನಾನು ಏನೆಲ್ಲ ನುಂಗಿದ್ದೇನೆ ಅಂತ ನಿನಗೆ ಹೇಳಿಲ್ಲ. ಹನ್ನೆರಡು ಚೀಟಿ ಸಾಲಾಗಿ ಬೇಕು ಅನ್ನುವುದು ನಮ್ಮ ಮೇಸ್ತ್ರಿಗೂ ಗೊತ್ತು. ಶನಿವಾರ ದುಡಿಸಿಕೊಂಡು ಕೂಲಿ ಕೊಡದಿದ್ದಾಗ ನಾನು ಬಾಯಿಬಿಟ್ಟರೆ, "ಬಿಟ್ಟು ಹೋಗಯ್ಯ ಬಾಸ್ಸು, ಯಾರ್ ಹಿಡ್ಕೊಂಡಿದಾರೆ? ನಿನ್ ಮಹಾರಾಣಿ ಅಲ್ಲೇ ಕಾಯ್ತಾ ಇರ್ಲಿ" ಅಂತ ನನ್ನ ಹೆಸರು ಹಿಡಿದೇ ಅನ್ನುತ್ತಾನೆ. ನನ್ನ ಸಿಟ್ಟು ನಿನಗೆ ಗೊತ್ತು. ಮದುವೆಯಲ್ಲಿ ಡೋಲು ಬಡಿಯುವವನ ಜೊತೆಗೇ ಜಗಳಕ್ಕೆ ನಿಂತವನು ನಾನು. ಅಂಥವನು ಹನ್ನೆರಡು ತಿಂಗಳು ಹಲ್ಲು ಕಚ್ಚಿಕೊಂಡು "ಸರಿ ಸಾರ್" ಅಂದಿದ್ದೇನೆ ಕಣೇ. ಈ ಊರು ದುಬಾರಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವರು ಹೇಳುವುದು ರೊಟ್ಟಿ, ಬಾಡಿಗೆ, ಬಸ್ಸಿನ ಪಾಸಿನ ಮಾತು. ನನಗೆ ಅದಕ್ಕಿಂತ ದುಬಾರಿಯಾದದ್ದು ಆ "ಸರಿ ಸಾರ್".

ಬಾಡಿಗೆಯೇನೂ ಕಡಿಮೆಯಲ್ಲ. ಅರ್ಧ ಸಂಬಳ ಈ ಒಂದು ಕೋಣೆಗೇ ಹೋಗುತ್ತದೆ. ಅಡಿಗೆಗೆ ಒಂದು ಮೂಲೆ, ಕಿಟಕಿ ಎರಡು, ಮೇಲಟ್ಟ ಒಂದು. ಹಿಂದೆ ಈ ಗುಡ್ಡದ ತುಂಬ ರೇಷ್ಮೆ ನೇಯುವವರಿದ್ದರು, ಅವರ ಮಗ್ಗ ಎರಡಾಳೆತ್ತರ, ಅದಕ್ಕೇ ಛಾವಣಿ ನಾಲ್ಕು ಮೀಟರ್ ಮೇಲಿದೆ. ನೋಡುವುದಕ್ಕೆ ಅರಮನೆ, ಚಳಿಗಾಲದಲ್ಲಿ ಬಾವಿ. ಹೀಟರಿನ ಕಾವೆಲ್ಲ ಮೇಲಕ್ಕೇರಿ ಜೇಡಗಳಿಗೆ ಸೇರುತ್ತದೆ, ಕೆಳಗೆ ನನ್ನ ಕಾಲು ಕೊರಡು. ಮೇಲಟ್ಟದಲ್ಲಿ ಮಲಗಬಹುದು, ಆದರೆ ನಿಂತರೆ ತಲೆ ತಗಲುತ್ತದೆ, ತಲೆ ತಗಲುವ ಜಾಗ ಇವರ ಅಳತೆಗೆ ಸೇರುವುದಿಲ್ಲ. ನೆಲ ಮಾತ್ರ ಲೆಕ್ಕ. ಕರಾರುಪತ್ರದಲ್ಲಿ ಬರೆದಿರುವುದು ಇಪ್ಪತ್ತೆರಡು ದಶಾಂಶ ಮೂರು. ಅದನ್ನು ಓದಿದ ದಿನ ಬೀದಿಯಲ್ಲಿ ನಿಂತು ನಿನಗೆ ಫೋನು ಮಾಡಿ ಕಿರುಚಿದ್ದೆನಲ್ಲ, ನೆನಪಿದೆಯಾ?

ಆಮೇಲೆ ಅಕ್ಟೋಬರ್ ಬಂತು. ಉತ್ತರದ ಗೋಡೆ ಬರೀ ಕಲ್ಲು, ಬೆಳಗ್ಗೆ ಮುಟ್ಟಿದರೆ ಒದ್ದೆ ಒದ್ದೆ. ನಿನ್ನ ಹಾಸಿಗೆ ಆ ಗೋಡೆಯ ಪಕ್ಕದಲ್ಲೇ ಬರಬೇಕು, ಬೇರೆಲ್ಲೂ ಜಾಗವಿಲ್ಲ. ನಾನು ಗಾರೆ ಕೆಲಸದವನು, ಬೇರೆಯವರ ಮನೆಗೆ ದಿನಾ ಬೆಚ್ಚನೆ ಗೋಡೆ ಕಟ್ಟಿಕೊಡುವವನು, ನನ್ನ ಹೆಂಡತಿ ಒದ್ದೆ ಕಲ್ಲಿನ ಪಕ್ಕ ಮಲಗುವುದಾ? ಮೂರು ಭಾನುವಾರ ಕೂತು ಕೆಲಸ ಮಾಡಿದೆ. ಮರದ ಪಟ್ಟಿ ಹೊಡೆದೆ, ಒಳಗೆ ಚಳಿ ತಡೆಯುವ ದಪ್ಪ ಹಾಸು ತುಂಬಿಸಿದೆ, ಮೇಲೆ ಜಿಪ್ಸಮ್ ಹಲಗೆ, ಅದರ ಮೇಲೆ ಕೈಯಲ್ಲಿ ಎಳೆದ ಗಾರೆ, ಕನ್ನಡಿ ಹಾಗೆ. ನನ್ನ ಜೊತೆ ಕೆಲಸ ಮಾಡುವ ಪೋರ್ಚುಗಲ್ಲಿನ ಮುದುಕ ಫೌಸ್ಟೀನೊ ಬಂದು ನೋಡಿ, ಕೆನ್ನೆ ತಾಗಿಸಿ, "ಲೋ, ಇದು ಗೋಡೆ ಅಲ್ವೋ, ಮದ್ವೆ ರೇಷ್ಮೆ" ಅಂದ. ನನ್ನ ತಲೆ ಛಾವಣಿಗೆ ತಾಗಿತು. ಅದೇ ಉಬ್ಬಿನಲ್ಲಿ ನಿನಗೆ ಫೋನು ಮಾಡಿದೆ. ನೀನು ಕಂಬಳಿ ನೇಯುತ್ತಿದ್ದೇನೆ ಅಂದೆ, ಹನ್ನೊಂದು ಕುರಿಯ ಉಣ್ಣೆ ಅಂದೆ, ನಾನು ಅಂದದ್ದು ನಿನಗೂ ನೆನಪಿದೆ, ನನಗೂ ಇದೆ: "ಇಲ್ಲಿ ಯಾರಿಗ್ ಬೇಕೇ ನಿನ್ ಕುರಿ ವಾಸನೆ ಕಂಬ್ಳಿ? ನಾನು ಗೋಡೆ ಕಟ್ಟಿದೀನಿ, ಗೋಡೆ!" ನೀನು, "ಹಂಗಾದ್ರೆ ನಿಮ್ ಗೋಡೇನೇ ಹೊದ್ಕೊಂಡ್ ಮಲ್ಕೊಳ್ಳಿ" ಅಂದು ಇಟ್ಟುಬಿಟ್ಟೆ. ಕಂಬಳಿ ಅರ್ಧಕ್ಕೇ ನಿಂತಿದೆ, ನೀನು ಮಗ್ಗದ ಕಡೆ ತಿರುಗಿಯೂ ನೋಡುತ್ತಿಲ್ಲ ಅಂತ ಲಹ್ಸನ್ ಹೇಳಿದ.

ಮಂಗಳವಾರ ಪುರಸಭೆಯಿಂದ ಮನೆ ನೋಡಲು ಬಂದರು. ಮದಾಂ ಪೆರ್ರಾಶೋನ್ ಅಂತ, ಅತ್ತೆಯ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ಐದು ಮಹಡಿ ಹತ್ತಿ ಏದುಸಿರು. ಕಾಫಿ ಕೊಟ್ಟೆ. ನಲ್ಲಿ ತಿರುಗಿಸಿ ನೋಡಿದರು, ಕಿಟಕಿ ತೆಗೆದು ಹಾಕಿದರು, ಎಲ್ಲ ಸರಿ ಅಂದರು. ಆಮೇಲೆ ಕೆಂಪು ಬೆಳಕು ಬಿಡುವ ಅಳತೆಯ ಯಂತ್ರ ತೆಗೆದು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಹಿಡಿದರು. ಕರಾರುಪತ್ರ ನೋಡಿದರು. ಮತ್ತೆ ಹಿಡಿದರು. "ಇಪ್ಪತ್ತೊಂದು ಮುಕ್ಕಾಲೂ ಇಲ್ವಲ್ಲಪ್ಪಾ" ಅಂದರು. ನನಗೆ ನಗು ಬಂತು, ಆಣೆಗೂ ನಗು ಬಂತು, ಯಂತ್ರ ಕೆಟ್ಟಿದೆ ಅಂದುಕೊಂಡೆ. ಅವರು ಉತ್ತರದ ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಕಟಕ ಬಡಿದರು. "ಇದು ಹೊಸದಾ?" "ಹೌದು ಮೇಡಂ, ನಾನೇ ಮಾಡಿದ್ದು!" ಅಂದೆ, ಎದೆಯುಬ್ಬಿಸಿಕೊಂಡು. "ಎಷ್ಟು ದಪ್ಪ?" "ಹದಿನಾಲ್ಕು ಸೆಂಟಿಮೀಟರ್, ಮೇಡಂ. ಒಂದು ಹನಿ ಚಳಿ ಒಳಗೆ ಬರಲ್ಲ." ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅಯ್ಯೋ ಪುಣ್ಯಾತ್ಮ" ಅಂದರು, ಅಷ್ಟೇ.

ಆಗ ಹೊಳೆಯಿತು. ಐದು ಮೀಟರಿಗೂ ಮಿಕ್ಕಿದ ಉದ್ದದ ಗೋಡೆ, ಹದಿನಾಲ್ಕು ಸೆಂಟಿಮೀಟರ್ ದಪ್ಪ. ನಿನ್ನನ್ನು ಬೆಚ್ಚಗಿಡಲು ಹೋಗಿ ನಾನು ನಿನ್ನ ಜಾಗವನ್ನೇ ತಿಂದುಬಿಟ್ಟಿದ್ದೆ. ಹಲಗೆ ತರಿಸಲು ಗೋಡೆಯ ಉದ್ದ ಅಳೆದೆ, ಎತ್ತರ ಅಳೆದೆ, ನೆಲ ಅಳೆಯಲಿಲ್ಲ. ಹದಿನೇಳು ವರ್ಷದಿಂದ ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಕತ್ತೆ ನಾನು. ಬೇರೆ ಯಾವ ಕೆಲಸದವನಿಗೂ ಈ ತಪ್ಪು ಮಾಡಲು ಬರುತ್ತಿರಲಿಲ್ಲ. ಅಡಿಗೆಯವನಾಗಿದ್ದರೆ ಚಳಿಯಲ್ಲಿ ನಡುಗಿಕೊಂಡು ಪಾಸಾಗುತ್ತಿದ್ದೆ.

ನನ್ನ ಮುಖ ಹೇಗಿತ್ತೋ ಏನೋ, ಮದಾಂ ಕಾಗದದ ಮೇಲೆ ಏನೂ ಬರೆಯಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, "ಇವತ್ತು ಇದರ ಬ್ಯಾಟರಿ ಯಾಕೋ ಸರಿಯಿಲ್ಲ. ಶುಕ್ರವಾರ ಹತ್ತಕ್ಕೆ ಇದೇ ಬೀದಿಗೆ ಬರ್ತೀನಿ. ಅವತ್ತು ಎಷ್ಟು ಬರುತ್ತೋ ಅಷ್ಟೇ ಬರೀತೀನಿ, ಒಂದು ಕೂದಲು ಹೆಚ್ಚಿಲ್ಲ" ಅಂದರು. ಬಾಗಿಲ ಹತ್ತಿರ ನಿಂತು ಆ ಗೋಡೆಯನ್ನು ಇನ್ನೊಂದು ಸಲ ನೋಡಿ, "ಕೆಲಸ ಮಾತ್ರ ಚೆನ್ನಾಗಿದೆ" ಅಂದರು. ಅದನ್ನು ಕೇಳಿ ಅಳು ಬಂತು ಕಣೇ ನನಗೆ.

ಬುಧವಾರ ಮೇಸ್ತ್ರಿಯ ಹತ್ತಿರ ಎರಡು ದಿನ ರಜೆ ಕೇಳಿದೆ. ನಾವೀಗ ಸೋನ್ ನದಿ ದಂಡೆಯ ಒಂದು ದೊಡ್ಡ ಮನೆಯಲ್ಲಿ ಕೆಲಸ ಮಾಡುತ್ತಿದ್ದೇವೆ, ವಯಸ್ಸಾದ ದಂಪತಿ, ಎರಡು ಕೋಣೆಯ ನಡುವಿನ ಗೋಡೆ ಒಡೆಸಿ ಒಂದು ಬಚ್ಚಲುಮನೆ ಮಾಡಿಸುತ್ತಿದ್ದಾರೆ. ಹೋದ ವಾರ ಫೌಸ್ಟೀನೊ ಅದನ್ನು ಸುಮ್ಮನೆ ಅಳೆದು, "ಬಾಸ್ಸು, ಇಪ್ಪತ್ಮೂರು! ಇಲ್ಲಿ ನೀನೂ ನಿನ್ ಹೆಂಡ್ತಿನೂ ಕಾನೂನು ಪ್ರಕಾರ ಸ್ನಾನ ಮಾಡ್ಬೋದು" ಅಂದಿದ್ದ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಬುಧವಾರ ಅದೇ ಬಚ್ಚಲಲ್ಲಿ ನಿಂತು ಮೇಸ್ತ್ರಿ ರಜೆ ಇಲ್ಲ ಅಂದ. ಆದರೂ ಗುರುವಾರ, ಶುಕ್ರವಾರ ಎರಡೂ ದಿನ ಬರಲ್ಲ ಅಂದೆ. "ಹಂಗಾದ್ರೆ ಸೋಮವಾರಾನೂ ಬರ್ಬೇಡ" ಅಂದ. ಯಾಮ್ನಾ, ನಾನು ಹನ್ನೆರಡು ಚೀಟಿ ನೆನೆಸಿಕೊಂಡೆ. ಅವು ಆಗಲೇ ಕಚೇರಿಗೆ ಹೋಗಿವೆ, ಆದರೆ ಕೆಲಸ ಕೈಬಿಟ್ಟರೆ ಅವರು ಮತ್ತೆ ಏನು ಕೇಳುತ್ತಾರೋ. ಒಂದು ಕಡೆ ಸಂಬಳ ಬೇಕು, ಇನ್ನೊಂದು ಕಡೆ ನೆಲ ಬೇಕು, ಎರಡನ್ನೂ ಒಟ್ಟಿಗೆ ಹಿಡಿಯಲು ನನಗೆ ಕೈ ಸಾಲಲಿಲ್ಲ. ಆಗ ಮುದುಕ ಫೌಸ್ಟೀನೊ ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು, "ನಂಗೂ ಹಲ್ಲುನೋವು ಸಾರ್, ಸೋಮವಾರದವರೆಗೂ ಇರೋ ಹಂಗಿದೆ" ಅಂದ. ಇಬ್ಬರೂ ಹೋದರೆ ಬಚ್ಚಲು ಕ್ರಿಸ್‌ಮಸ್ಸಿಗೆ ಮುಗಿಯುವುದಿಲ್ಲ. ಮೇಸ್ತ್ರಿ ಹತ್ತು ನಿಮಿಷ ಬೈದು, ಕೂಲಿ ಇಲ್ಲ ಅಂತ ಹೇಳಿ, ಬಿಟ್ಟ. ಫೌಸ್ಟೀನೊನ ಬಾಯಲ್ಲಿ ಸ್ವಂತ ಹಲ್ಲೇ ಇಲ್ಲ, ಅದು ನಿನಗೆ ಗೊತ್ತಿರಲಿ.

ನಿನ್ನೆ ಬೆಳಗ್ಗೆ ಇಬ್ಬರೂ ಒಡೆಯಲು ನಿಂತೆವು. ಸುತ್ತಿಗೆ ಎತ್ತಿದರೆ ಕೈ ಬರಲೇ ಇಲ್ಲ. "ಆಚೆ ಸರಿಯೋ, ಕಟ್ಟಿದೋನು ಒಡೀಬಾರ್ದು" ಅಂತ ಫೌಸ್ಟೀನೊ ಮೊದಲ ಏಟು ತಾನೇ ಹಾಕಿದ. ಮೂರು ಭಾನುವಾರದ ಕೆಲಸ ಊಟದ ಹೊತ್ತಿಗೆ ಮೂಟೆ ಮೂಟೆಯಾಗಿ ಮೆಟ್ಟಿಲಿಳಿಯಿತು. ಸಂಜೆ ನೆಲ ಗುಡಿಸಿ ನಾನೇ ಅಳೆದೆ, ಹದಿನೇಳು ಸಲ ಅಳೆದೆ. ಎರಡು ಸಲ ಒಂದೇ ಉತ್ತರ ಬರಲಿಲ್ಲ, ಕಲ್ಲುಗೋಡೆ ಉಬ್ಬುತಗ್ಗು. ಒಮ್ಮೆ ಇಪ್ಪತ್ತೆರಡು ಕಾಲು, ಒಮ್ಮೆ ಬರೀ ಇಪ್ಪತ್ತೆರಡು, ಒಮ್ಮೆ ಅದಕ್ಕೂ ಒಂದು ಬೆರಳು ಕಡಿಮೆ. ಮದಾಂ ಯಂತ್ರವನ್ನು ಉಬ್ಬಿದ ಕಲ್ಲಿಗೆ ಹಿಡಿಯುತ್ತಾರೋ, ತಗ್ಗಿದ ಕಲ್ಲಿಗೆ ಹಿಡಿಯುತ್ತಾರೋ, ದೇವರಿಗೇ ಗೊತ್ತು. ಬೆಳಗ್ಗೆಯಿಂದ ಉಳಿ ಹಿಡಿದು ಉಬ್ಬಿದ ಕಲ್ಲುಗಳನ್ನು ಕೆತ್ತುತ್ತಿದ್ದೆ, ಪಕ್ಕದ ಮನೆಯವರು ಗೋಡೆ ಬಡಿದು ಬೈದ ಮೇಲೆ ಬಿಟ್ಟು ಈ ಕಾಗದ ಹಿಡಿದೆ.

ಒಂಬತ್ತು ಐವತ್ತು. ಮೆಟ್ಟಿಲ ಮೇಲೆ ಯಾರದೋ ಸದ್ದು. ಅಲ್ಲ, ಅಂಚೆಯವನು. ಎರಡು ವರ್ಷ ಏಳು ತಿಂಗಳಾಯಿತು ನಿನ್ನ ಮುಖ ಎದುರಿಗೆ ನೋಡಿ. ಇವತ್ತು ಸಾಲದಿದ್ದರೆ ಮತ್ತೆ ಮನೆ ಹುಡುಕಬೇಕು, ಮತ್ತೆ ಅರ್ಜಿ, ಮತ್ತೆ ಒಂದು ವರ್ಷದ "ಸರಿ ಸಾರ್". ಅದನ್ನು ಮಾಡಲಾರೆ ಅಂತಲ್ಲ, ಮಾಡುತ್ತೇನೆ. ನಿನಗೆ ಕಾದು ಸಾಕಾಗಿ ಹೋದೀತು ಅನ್ನುವುದೊಂದೇ ನನ್ನ ಭಯ. ಈಗ ನಿಜವಾಗಿಯೂ ಬಂದರು, ಆ ಏದುಸಿರು ನನಗೆ ಗೊತ್ತು. ಅತ್ತೆಗೆ ನಮಸ್ಕಾರ ಹೇಳು. ದೇವರು ನಿನ್ನನ್ನೂ, ಆ ಕುಂಟ ಹೇಸರಗತ್ತೆಯನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಲೆಕೆಟ್ಟ ಗಂಡ,
ಬಾಸ್ಸು

ತಾ.ಕ. ಲಹ್ಸನ್ ಕೆಳಗೆ ಹಾರ್ನ್ ಬಡಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇಪ್ಪತ್ತೆರಡು ದಶಾಂಶ ಒಂದು ಏಳು! ಮದಾಂ ನನ್ನ ಕಣ್ಣೆದುರಿಗೇ ಬರೆದು ಸಹಿ ಹಾಕಿದರು. ಆಮೇಲೆ ಆ ಬೋಳು ಕಲ್ಲಿನ ಮೇಲೆ ಅಂಗೈ ಇಟ್ಟು, "ಆ ಹುಡುಗಿಗೆ ಇಲ್ಲಿ ಚಳಿಯಾಗಲ್ವೇನಪ್ಪಾ?" ಅಂದರು. ನನ್ನ ಬಾಯಿಂದ ತಾನಾಗಿಯೇ ಬಂತು: "ಅವ್ಳು ಕಂಬ್ಳಿ ನೇಯ್ತಾ ಇದಾಳೆ ಮೇಡಂ." ಹಾಗಂದುಬಿಟ್ಟಿದ್ದೇನೆ, ಸರಕಾರದ ಮುಂದೆ ನನ್ನನ್ನು ಸುಳ್ಳುಗಾರ ಮಾಡಬೇಡ. ತಪ್ಪಾಯ್ತು ಯಾಮ್ನಾ, ಮಗ್ಗಕ್ಕೆ ಕೂರು. ಹೊದೆಯಲು ಅಲ್ಲ, ಹಾಸಿಗೆಯ ಪಕ್ಕ ಗೋಡೆಗೆ ತೂಗುಹಾಕಲು, ಎರಡು ಮೀಟರ್ ಅಗಲ ಇರಲಿ, ಎಷ್ಟು ದಪ್ಪ ಬೇಕಾದರೂ ನೇಯಿ. ತೂಗುಹಾಕಿದ ಕಂಬಳಿಯನ್ನು ನೆಲದ ಅಳತೆಯಲ್ಲಿ ಕಳೆಯುವುದಿಲ್ಲವಂತೆ, ಮದಾಂ ಹತ್ತಿರ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.