ಗೋಡೆಗೆ ಒತ್ತಿ ನಿಲ್ಲಿಸಿದ ಬಾಗಿಲು

ವಾಹನ ಹರಾಜು ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಸಾರ್ವಜನಿಕ ಹರಾಜಿನಲ್ಲಿ ನಾನು ಕೊಂಡ ಹಳೆಯ ವ್ಯಾನಿನ ಪಕ್ಕದ ಬಾಗಿಲು ತೆರೆಯುವುದಿಲ್ಲ. ಆ ಬಾಗಿಲಿಗಾಗಿಯೇ ನಾನು ಅದನ್ನು ಕೊಂಡದ್ದು. ನಿಮ್ಮ ಕಚೇರಿಗೆ ಅಲೆದೂ ಅಲೆದೂ ಹೇಳಿದೆ. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು. ಇನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಬೀಗ ರಿಪೇರಿ ಮಾಡುವವನು. ನನ್ನ ಮಗಳಿಗೆ ನಡೆಯಲಾಗದು, ಗಾಲಿಕುರ್ಚಿಯೇ ಕಾಲು. ಚಿಕ್ಕವಳಿದ್ದಾಗ ಅವಳಮ್ಮ ಎತ್ತಿಕೊಂಡೇ ಬಸ್ಸು ಹತ್ತುತ್ತಿದ್ದಳು. ಈಗ ಮಗಳು ಅಮ್ಮನಷ್ಟೇ ಎತ್ತರ, ಅಮ್ಮನ ಸೊಂಟ ಕೈಕೊಟ್ಟಿದೆ. ಕಾಲೇಜಿನಲ್ಲಿ ಸೀಟು ಸಿಕ್ಕಾಗ, ಕುರ್ಚಿ ಸಮೇತ ಒಳಗೆ ತಳ್ಳಬಹುದಾದ, ಜಾರುವ ಬಾಗಿಲಿನ ಗಾಡಿಯೊಂದೇ ದಾರಿ ಎಂದುಕೊಂಡೆವು. ಹೊಸದು ನಮ್ಮ ಪಾಲಿಗೆ ಗಗನಕುಸುಮ.

ನಿಮ್ಮಲ್ಲಿ ಅಂಥದ್ದು ಒಂದೇ ಒಂದು ಇತ್ತು. ಅದರ ಬಾಗಿಲು ಗೋಡೆಗೆ ಒತ್ತಿಕೊಂಡಿತ್ತು, ನಾವು ಹಗ್ಗದ ಈಚೆ. "ಸ್ವಲ್ಪ ಗೋಡೆಯಿಂದ ಈಚೆ ತಂದು ತೋರಿಸ್ತೀರಾ?" ಎಂದರೆ ನಿಮ್ಮ ಸಿಬ್ಬಂದಿ, "ಇದ್ದದ್ದು ಇದ್ದ ಹಾಗೇ ಮಾರೋದು. ಬೇಕಾದ್ರೆ ತಗೊಳ್ಳಿ" ಎಂದರು. ಟೊಮೆಟೊ ಕೊಳ್ಳುವವನೂ ಒಮ್ಮೆ ಹಿಸುಕಿ ನೋಡುತ್ತಾನೆ. ನಮಗೆ ಆ ಭಾಗ್ಯವೂ ಬೇಡವೇ?

ನಮ್ಮ ಪೆದ್ದುತನವನ್ನೂ ಹೇಳಿಬಿಡುತ್ತೇನೆ, ನಗಿ. "ಒಟ್ಟಿಗೆ ನಿಂತ್ರೆ ಆಸೆ ಮುಖದಲ್ಲೇ ಕಾಣುತ್ತೆ ಭಾವ, ನೋಡಿದವರು ಬೆಲೆ ಏರಿಸ್ತಾರೆ, ಬೇರೆ ಬೇರೆ ನಿಂತ್ಕೊಳ್ಳಿ" ಎಂದು ಹೆಂಡತಿಯ ತಮ್ಮ ಬುದ್ಧಿ ಹೇಳಿದ್ದ. ನಿಂತೆವು. ಒಂದೇ ವಿಳಾಸ ಬರೆದುಕೊಂಡು, ಬೆಲೆ ಕೂಗುವಾಗ ಎತ್ತಿ ತೋರಿಸಲು ಇಬ್ಬರ ಕೈಗೂ ಒಂದೊಂದು ಫಲಕ ಕೊಟ್ಟವರು ನಿಮ್ಮವರೇ. ಕಂಬದ ಹಿಂದಿನಿಂದ ಯಾರೋ ಹಟಕ್ಕೆ ಬಿದ್ದು ಬೆಲೆ ಏರಿಸುತ್ತಲೇ ಇದ್ದರು. ಯಾವ ಪಾಪಿಯೋ ಎಂದು ಶಪಿಸುತ್ತ ನಾನೂ ಏರಿಸಿದೆ. ಆ ಪಾಪಿ ನನ್ನ ಹೆಂಡತಿ! "ನೀವು ಕೈ ಎತ್ತಿದ್ದು ಕಾಣಲೇ ಇಲ್ಲ ಕಣ್ರೀ, ಗಾಡಿ ಕೈತಪ್ಪುತ್ತೆ ಅಂತ ಜೀವ ಹೋಗ್ತಿತ್ತು" ಎಂದು ಆಮೇಲೆ ಅತ್ತಳು. ವೇದಿಕೆ ಮೇಲಿದ್ದ ನಿಮ್ಮ ಹರಾಜುದಾರರಿಗೆ ಇಬ್ಬರೂ ಕಾಣುತ್ತಿದ್ದೆವು, ಒಂದೇ ಮನೆಯವರೆಂಬುದೂ ಗೊತ್ತಿತ್ತು. ಅವರು ನಗುತ್ತ, ಬಡಿದು ಮುಗಿಸದೆ ಸುತ್ತಿಗೆಯನ್ನು ಎತ್ತಿ ಹಿಡಿದೇ ಇದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮನೆಗೆ ತಂದು ನೋಡಿದರೆ ಬಾಗಿಲಿಗೆ ಒಳಗಿನಿಂದ ವೆಲ್ಡಿಂಗ್, ಮೇಲೆ ಹೊಸ ಬಣ್ಣ. ಊರಿನ ಬೀಗಗಳನ್ನೆಲ್ಲ ತೆರೆಯುವವನು ಪೆಚ್ಚಾಗಿ ನಿಂತೆ. "ಆಕ್ಸಿಡೆಂಟ್ ಗಾಡಿ. ವೆಲ್ಡಿಂಗ್ ಬಿಡಿಸಿದ್ರೆ ಎರಡು ಹೋಳಾಗುತ್ತೆ ಕಣಣ್ಣ" ಎಂದ ವೆಲ್ಡರ್. ಹೊರಗೆ ಕುರ್ಚಿಯಲ್ಲಿ ಕಾಯುತ್ತಿದ್ದ ಮಗಳು, "ಹೋಗ್ಲಿ ಬಿಡಪ್ಪ, ಮುಂದಿನ ವರ್ಷ ಸೇರ್ಕೊಂಡ್ರಾಯ್ತು" ಎಂದಳು. ಮುಂದಿನ ವರ್ಷ ಯಾವ ಗಾಡಿಯಲ್ಲಿ? ಅವಳಿಗೂ ಗೊತ್ತು, ನನಗೂ ಗೊತ್ತು.

ಹಣ ವಾಪಸು ಕೇಳುತ್ತಿಲ್ಲ. ಆ ಆಸೆ ಸತ್ತಿದೆ. ನಿಮ್ಮ ಸಿಬ್ಬಂದಿ ಕೊಟ್ಟ ಪರಿಹಾರ ಇದು: "ಇಲ್ಲೇ ತಂದು ಮತ್ತೆ ಹರಾಜಿಗೆ ಹಾಕಿ. ಆ ಬಾಗಿಲು ಗೋಡೆ ಕಡೆ ಇರ್ಲಿ, ನಿಮ್ಮಂಥವರು ಯಾರಾದ್ರೂ ತಗೊಳ್ತಾರೆ." ನಮ್ಮಂಥವರು! ಬೇರೆ ದಾರಿಯಿಲ್ಲದೆ ತರುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಆ ಬಾಗಿಲನ್ನು ಜನರ ಕಡೆಗೆ ತಿರುಗಿಸಿ ನಿಲ್ಲಿಸಿ, ಎಳೆದು ನೋಡಲು ಬಿಡಿ. ಆಗ ಯಾರೂ ಕೊಳ್ಳುವುದಿಲ್ಲ, ಗೊತ್ತು. ಕೊಳ್ಳದಿರಲಿ.

ಇಂತಿ,
ಹೆಂಡತಿಯ ಜೊತೆಯೇ ಪೈಪೋಟಿ ನಡೆಸಿ ಗೆದ್ದ ಬೀಗದವನು