ಹುಲಿಗೆಮ್ಮನ ಜಾಗ

ಪಾಠಶಕೆ ಇನ್ನೂರ ಹದಿಮೂರು, ಜ್ಯೇಷ್ಠದ ಎರಡನೇ ಸೋಮವಾರ
ಕಿರಿಗುಡ್ಡ ನೆಲಶಾಲೆ

ಶಮೀಮಬಾನು ನದಾಫ ಅಕ್ಕೋರಿಗೆ, ನಿಮ್ಮದೇ ಶಾಲೆಯ ಜೊತೆಗಾತಿ ಪಾರ್ವತೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದ ಕಾಗದ ಎಂದು ನೀವು ಇದನ್ನು ಮಡಚಿ ಇಟ್ಟುಬಿಡಬಹುದು. ದಯವಿಟ್ಟು ಇಡಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಮೂವತ್ತೊಂಬತ್ತನೆಯ ಇಸವಿ. ನಾವು ವರ್ಷಗಳನ್ನು ನೀವು ಮಾಡಿದ ಒಂದು ಪಾಠದಿಂದ ಎಣಿಸುತ್ತೇವೆ. ಆ ಪಾಠವನ್ನು ನೀವು ಇನ್ನೂ ಮಾಡಿಲ್ಲ, ಅದಕ್ಕೇ ಈ ಅವಸರ. ನನ್ನ ಬರವಣಿಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಮಾತು ಕಲಿತದ್ದು ನಿಮ್ಮಿಂದ, ಬರೆಯಲು ಕಲಿತದ್ದು ಅರ್ಜಿಗಳಿಂದ. ನಡುವೆ ಎಲ್ಲಾದರೂ 'ಮೇಲ್ಕಾಣಿಸಿದ' ಎಂಬಂಥ ಶಬ್ದ ನುಸುಳಿದರೆ ನಗಬೇಡಿ, ನಮ್ಮಲ್ಲಿ ಅದು ಒಳ್ಳೆಯ ಬರಹದ ಲಕ್ಷಣ.

ನಿಮ್ಮ ಶಾಲೆಗೆ ಒಂದು ಸ್ಪರ್ಧೆಯ ಸುತ್ತೋಲೆ ಬಂದಿರಬೇಕು. ಶಿಕ್ಷಕರು ತಮ್ಮ ಒಂದು ಪಾಠವನ್ನು ವಿಡಿಯೋ ಮಾಡಿ ಕಳಿಸಬೇಕು, ಇಪ್ಪತ್ತು ನಿಮಿಷ ಮೀರಬಾರದು, ಗೆದ್ದ ಶಾಲೆಗೆ ಪ್ರೊಜೆಕ್ಟರ್, ಒಂದು ಕಪಾಟು ಪುಸ್ತಕ, ವಿಜ್ಞಾನದ ಪೆಟ್ಟಿಗೆ, ಜೊತೆಗೆ ಕೊಠಡಿ ರಿಪೇರಿಗೆ ಅನುದಾನ. ನಿಮ್ಮ ಕೊಠಡಿಯ ತಗಡು ಹಾರಿಹೋಗಿ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೀರಿ, ಅದು ನನಗೆ ಗೊತ್ತು. ಪ್ರತಿದಿನ ನೋಡುತ್ತೇನೆ. ಅರ್ಜಿಯ ಕೊನೆಯಲ್ಲಿ ಒಂದು ಷರತ್ತಿದೆ: ಈ ಪಾಠ ಎಲ್ಲ ಶಾಲೆಗಳಿಗೂ ಎಂದೆಂದಿಗೂ ಉಚಿತ, ಇದ್ದದ್ದನ್ನು ಇದ್ದ ಹಾಗೆಯೇ ಬಳಸಬೇಕು, ಯಾರೂ ತಿದ್ದುವಂತಿಲ್ಲ. ಅದರ ಪಕ್ಕದ ಚೌಕದಲ್ಲಿ ನೀವು ಸಂತೋಷದಿಂದಲೇ ಗುರುತು ಹಾಕುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ. ಮಕ್ಕಳಿಗೆ ಪುಕ್ಕಟೆ ಪಾಠ ಸಿಗುವುದಾದರೆ ಬೇಡ ಅನ್ನುವ ಟೀಚರು ಎಲ್ಲಿದ್ದಾರೆ?

ನೀವು ಗೆದ್ದಿರಿ ಅಕ್ಕೋರೆ. ಎಂಥ ಗೆಲುವು ಎಂದರೆ, ಈಗ ನಮ್ಮ ಸೀಮೆಯಲ್ಲಿ ನಿಮ್ಮನ್ನು ಬಿಟ್ಟು ಬೇರೆ ಟೀಚರೇ ಇಲ್ಲ. ಅಕ್ಕೋರು ಎಂದರೆ ನಮಗೆ ತರಗತಿಯ ಮುಂದಿನ ಗೋಡೆ. ಬೆಳಿಗ್ಗೆ ಅದು ತಾನಾಗಿ ಬೆಳಗುತ್ತದೆ, ನೀವು ನಿಲ್ಲುತ್ತೀರಿ, ಹಸಿರು ಸೀರೆ, ಕೈಯಲ್ಲಿ ಸೀಮೆಸುಣ್ಣ, ಹಿಂದೆ ಆ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿರುತ್ತದೆ. ಜೊತೆಗಾತಿ ಎಂದರೆ ಗೋಡೆಯ ಪಕ್ಕ ಕೂತು ಧೂಳು ಒರೆಸಿ, ಮಕ್ಕಳಿಗೆ ನೀರು ಕೊಟ್ಟು, ಊಟ ಬಡಿಸುವವಳು. ಪಾಠ ಮಾಡುವ ಅಧಿಕಾರ ನನಗಿಲ್ಲ, ಮಾಡಿಯೂ ಗೊತ್ತಿಲ್ಲ. ನೆಲಶಾಲೆ ಎಂದರೆ ನೆಲದ ಕೆಳಗೆ ತೋಡಿದ ಶಾಲೆ. ನಮ್ಮ ಕಾಲದ ಬಿಸಿಲಿಗೆ ಮಧ್ಯಾಹ್ನ ಯಾರೂ ಮೇಲೆ ಹೋಗುವುದಿಲ್ಲ.

ಬೆಂಚು, ದೀಪ, ಹಿಟ್ಟು, ಎಣ್ಣೆ, ನೀರು ಸೋಸುವ ಯಂತ್ರ, ಎಲ್ಲವೂ ನಮಗೆ ಕೊಡುಗೆಯಾಗಿ ಬರುತ್ತವೆ. ಕೊಡುವವರನ್ನು ಕಂಡವರಿಲ್ಲ. ನನ್ನ ಅಜ್ಜಿಯ ಅಜ್ಜಿಯೂ ಕಂಡಿರಲಿಲ್ಲವಂತೆ. ನಿಮ್ಮ ಸ್ಪರ್ಧೆ ನಡೆಸಿದ ಸಂಸ್ಥೆಯೇ ಇದನ್ನೆಲ್ಲ ಕೊಡುವುದು, ಅಲ್ಲಿ ಈಗ ಮನುಷ್ಯರೇ ಇಲ್ಲ, ಹಾಕಿಕೊಟ್ಟ ನಿಯಮದಂತೆ ಯಂತ್ರಗಳು ತಮ್ಮಷ್ಟಕ್ಕೆ ಕೊಡುತ್ತಿವೆ ಎಂದು ಕೆಲವರು ಹೇಳುತ್ತಾರೆ. ವರ್ಷಕ್ಕೊಮ್ಮೆ ಹೊಂದಿಕೆ ಸ್ಪರ್ಧೆ ನಡೆಯುತ್ತದೆ. ಯಾವ ಶಾಲೆಯ ಮಕ್ಕಳು ನಿಮ್ಮ ಪಾಠದಲ್ಲಿರುವ ಮಕ್ಕಳಿಗೆ ಎಷ್ಟು ಹೊಂದುತ್ತಾರೆ ಎಂಬುದನ್ನು ಗೋಡೆಯೇ ವರ್ಷವಿಡೀ ನೋಡಿ ಅಂಕ ಹಾಕುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬಳಸಬೇಕು ಎಂದು ನೀವು ಒಪ್ಪಿದ ಷರತ್ತನ್ನು ಅದು ಅರ್ಥ ಮಾಡಿಕೊಂಡದ್ದು ಹೀಗೆ. ಅಂಕ ಕಡಿಮೆಯಾದ ಊರಿಗೆ ಕೊಡುಗೆಯೂ ಕಡಿಮೆ. ಪಕ್ಕದ ಊರಿನಲ್ಲಿ ಮಕ್ಕಳು ಮನಬಂದಂತೆ ಪ್ರಶ್ನೆ ಕೇಳತೊಡಗಿದರು. ಈಗ ಆ ಊರೇ ಇಲ್ಲ.

ನಿಮ್ಮ ಪಾಠದಲ್ಲಿ ನೀವು ಹೆಸರು ಹಿಡಿದು ಎಬ್ಬಿಸುವುದು ನಾಲ್ವರನ್ನು: ಮುತ್ತುರಾಜ, ಸಾನಿಯಾ, ಕಾರ್ತಿಕ, ಹುಲಿಗೆಮ್ಮ. ಹಾಗಾಗಿ ಪ್ರತಿ ತರಗತಿಯಲ್ಲೂ ಈ ನಾಲ್ಕು ಜಾಗಗಳಿವೆ. ವರ್ಷದ ಆರಂಭದಲ್ಲಿ ಗೋಡೆ ಮಕ್ಕಳಿಗೆ ಹೆಸರು ಹಂಚುತ್ತದೆ. ಮುತ್ತುರಾಜನಾದವನು ನಗಿಸಬೇಕು, ನಾವೆಲ್ಲ ನಗಬೇಕು. ಕಾರ್ತಿಕನಾದವನು ಕೆಮ್ಮಬೇಕು. ಪಾಠದ ನಡುವೆ ಹೊರಗೆಲ್ಲೋ ಒಂದು ಹಾರ್ನ್ ಕೂಗುತ್ತದೆ, ಬಹುಶಃ ನಿಮ್ಮೂರಿನ ಬಸ್ಸು. ಬಸ್ಸನ್ನು ಕಾಣದ ನಮ್ಮ ಮಕ್ಕಳು ಆ ಹೊತ್ತಿಗೆ ಸರಿಯಾಗಿ ಎಡಕ್ಕೆ ಕತ್ತು ತಿರುಗಿಸುತ್ತಾರೆ. ಅಲ್ಲಿ ಕಿಟಕಿ ಇಲ್ಲ, ಮಣ್ಣಿನ ಗೋಡೆ ಇದೆ. ಚಿಕ್ಕವಳಿದ್ದಾಗ ನಾನೂ ತಿರುಗಿಸಿದ್ದೇನೆ. ಈಗಲೂ ಅಡುಗೆ ಮಾಡುತ್ತಾ ಸುಮ್ಮಸುಮ್ಮನೆ ಕತ್ತು ಎಡಕ್ಕೆ ಹೋಗುತ್ತದೆ.

ಇಷ್ಟಾದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟು ಬರುತ್ತಿರುವಾಗ ಕತ್ತು ತಿರುಗಿಸುವುದು ದೊಡ್ಡ ಕಷ್ಟವೇನಲ್ಲ. ವಿಷಯ ನಾಲ್ಕನೆಯ ಜಾಗದ್ದು.

ಪಾಠ ನೆರಳಿನದು. ಮೂವರೂ ಚುರುಕಾಗಿ ಉತ್ತರ ಹೇಳುತ್ತಾರೆ. ಆಮೇಲೆ ನೀವು ಕೇಳುತ್ತೀರಿ, "ಹುಲಿಗೆಮ್ಮಾ, ನೀ ಹೇಳವಾ. ಮಧ್ಯಾಹ್ನದಾಗ ನಮ್ಮ ನೆಳ್ಳು ಎಲ್ಲಿ ಹೋಗತೈತಿ?" ಒಬ್ಬ ಹುಡುಗಿ ಎದ್ದು ನಿಲ್ಲುತ್ತಾಳೆ. ಕ್ಯಾಮೆರಾ ಹಿಂದಿದೆ, ಅವಳ ಕೆಂಪು ರಿಬ್ಬನ್ನಿನ ಜಡೆ ಮತ್ತು ಒಂದು ಭುಜ ಮಾತ್ರ ಕಾಣುತ್ತದೆ. ಅವಳ ಮುಖವನ್ನು ಯಾರೂ ಕಂಡಿಲ್ಲ. ಅವಳು ಸುಮ್ಮನಿರುತ್ತಾಳೆ. ನೀವು ಕ್ಯಾಮೆರಾ ಹಿಡಿದವರತ್ತ ನೋಡುತ್ತೀರಿ, ಅವರು ಕೈಬೀಸಿ ಸನ್ನೆ ಮಾಡಿದರೋ ಏನೋ, ಮುಗುಳ್ನಕ್ಕು ಹೇಳುತ್ತೀರಿ, "ಇರ್ಲಿ ಬಿಡವಾ, ಕುಂದ್ರು. ಟೈಮ್ ಇಲ್ಲ."

ಇಪ್ಪತ್ತು ನಿಮಿಷದ ಮಿತಿ. ನಿಮ್ಮದು ತಪ್ಪು ಎನ್ನುತ್ತಿಲ್ಲ. ನೀವು ಗದರಲಿಲ್ಲ, ಅವಮಾನ ಮಾಡಲಿಲ್ಲ. ನಿಮ್ಮ ಶಾಲೆಯಲ್ಲಿ ಮಾರನೇ ದಿನ ಆ ಹುಡುಗಿ ಎದ್ದು ನಿಂತು ಪಟಪಟನೆ ಹೇಳಿರಲೂಬಹುದು. ಆದರೆ ಗೋಡೆಗೆ ಮಾರನೇ ದಿನ ಎಂಬುದು ಇಲ್ಲ. ನೀವು ತೀರಿಕೊಂಡ ಮೇಲೆ ಉಳಿದ ಪಾಠಗಳನ್ನೆಲ್ಲ, ಗಣಿತ, ಕನ್ನಡ, ಸಮಾಜ, ಯಂತ್ರವೇ ಆ ಇಪ್ಪತ್ತು ನಿಮಿಷದಿಂದ ಹೆಣೆದುಕೊಂಡಿತು. ನಿಮ್ಮ ದನಿ ಅದಕ್ಕೆ ಸಿಕ್ಕಿತ್ತು, ಮೂವರು ಮಕ್ಕಳ ದನಿಯೂ ಸಿಕ್ಕಿತ್ತು. ಹುಲಿಗೆಮ್ಮನ ದನಿ ಸಿಕ್ಕಿರಲಿಲ್ಲ. ಹಾಗಾಗಿ ಪ್ರತಿ ಪಾಠದಲ್ಲೂ ನೀವು ಅವಳನ್ನು ಎಬ್ಬಿಸುತ್ತೀರಿ, ಪ್ರತಿ ಪಾಠದಲ್ಲೂ ಅವಳು ಸುಮ್ಮನಿರುತ್ತಾಳೆ, ಪ್ರತಿ ಪಾಠದಲ್ಲೂ ಟೈಮ್ ಇರುವುದಿಲ್ಲ. ಆ ಜಾಗಕ್ಕೆ ಬಂದ ಮಗು ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡುವಂತಿಲ್ಲ. ನಮ್ಮೂರಿನಲ್ಲಿ ಈಗ ಸತ್ತವರನ್ನು ಮಣ್ಣು ಮಾಡಿ ಮನೆಗೆ ಹೊರಡುವಾಗಲೂ ಹಿರಿಯರು 'ಟೈಮ್ ಇಲ್ಲ' ಎಂಬ ಆ ಎರಡು ಶಬ್ದ ಹೇಳುತ್ತಾರೆ. ಮೇಲ್ಕಾಣಿಸಿದ ಶಬ್ದಗಳ ಅರ್ಥ ಏನೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಗೋಡೆಯ ಪಕ್ಕ ಕೂತು ಕೂತು ನಾನು ಒಂದನ್ನು ಗಮನಿಸಿದ್ದೇನೆ, ಬೇರೆ ಯಾರೂ ಅದನ್ನು ಹೇಳಿದ್ದು ಕೇಳಿಲ್ಲ. ನೀವು 'ಇರ್ಲಿ ಬಿಡವಾ' ಎನ್ನುವ ಮೊದಲು ಆ ಭುಜ ಸ್ವಲ್ಪ ಮೇಲೇಳುತ್ತದೆ. ಹುಡುಗಿ ಉಸಿರು ಎಳೆದುಕೊಂಡಿದ್ದಾಳೆ. ಮಾತಾಡುವ ಮುಂಚೆ ಮಕ್ಕಳು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಆ ಉಸಿರು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಅವಳು ಹಾಗೇ ಕೂತುಬಿಡುತ್ತಾಳೆ.

ಹೋದ ವರ್ಷ ಆ ಜಾಗದಲ್ಲಿದ್ದವಳು ನಮ್ಮ ಪಕ್ಕದ ಮನೆಯ ಕಸ್ತೂರಿ. ಇಷ್ಟು ಒಳ್ಳೆಯ ಹುಲಿಗೆಮ್ಮ ಹಿಂದೆಂದೂ ಬಂದಿರಲಿಲ್ಲ ಎಂದು ಊರೆಲ್ಲ ಕೊಂಡಾಡಿತು. ಅವಳಿಂದಲೇ ನಮ್ಮ ಶಾಲೆ ಮೊದಲ ಬಹುಮಾನ ಪಡೆಯಿತು. ವರ್ಷ ಮುಗಿದು ಹೆಸರು ಕಳಚಿತು, ಕಸ್ತೂರಿ ಮತ್ತೆ ಕಸ್ತೂರಿಯಾಗಬೇಕಿತ್ತು. ಊಟ ಮಾಡುತ್ತಾಳೆ, ಕಸೂತಿ ಹಾಕುತ್ತಾಳೆ, ಕರೆದರೆ ತಿರುಗುತ್ತಾಳೆ. ಏನಾದರೂ ಕೇಳಿದರೆ ಎದ್ದು ನಿಲ್ಲುತ್ತಾಳೆ, ಭುಜ ಮೇಲೇಳುತ್ತದೆ, ಅಲ್ಲೇ ನಿಲ್ಲುತ್ತದೆ. ಅವಳ ತಾಯಿ ಎದುರಿಗೆ ಕೂತು ಕಾಯುತ್ತಾಳೆ. ಎಷ್ಟು ಹೊತ್ತಾದರೂ ಕಾಯುತ್ತಾಳೆ. ಕೊನೆಗೆ ಆ ತಾಯಿಯೇ 'ಕುಂದ್ರು' ಎನ್ನಬೇಕು, ಇಲ್ಲವಾದರೆ ಹುಡುಗಿ ಕೂರುವುದಿಲ್ಲ.

ಈ ವರ್ಷ ಗೋಡೆ ಹುಲಿಗೆಮ್ಮನ ಹೆಸರು ಕೊಟ್ಟಿರುವುದು ನನ್ನ ಮೊಮ್ಮಗಳು ಸುಗಂಧಿಗೆ.

ಸುಗಂಧಿ ಎಂದರೆ ಮಾತಿನ ಮಲ್ಲಿ. ಹಿಟ್ಟು ಎಲ್ಲಿಂದ ಬರುತ್ತದೆ, ಕೊಡುವವರಿಗೆ ಅಮ್ಮ ಇದ್ದಾಳೆಯೇ, ಅಕ್ಕೋರಿಗೆ ಕಾಲು ನೋಯುವುದಿಲ್ಲವೇ, ಇವಳ ಪ್ರಶ್ನೆಗೆ ಉತ್ತರ ಕೊಟ್ಟು ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಬಾಯಿ ಮುಚ್ಚೇ ಎಂದು ನಾನೇ ಎಷ್ಟು ಸಲ ಬೈದಿಲ್ಲ! ಹೆಸರು ಬಂದ ದಿನ ಅವಳ ಅಮ್ಮ, ಅಂದರೆ ನನ್ನ ಸೊಸೆ, ಹೆಮ್ಮೆಯಿಂದ ಬೀಗಿದಳು. ಸಜ್ಜೆ ರೊಟ್ಟಿ ಮಾಡಿ ಓಣಿಗೆಲ್ಲ ಹಂಚಿದಳು. ಸುಗಂಧಿ ನನ್ನ ಮಗ್ಗುಲಿಗೆ ಬಂದು ಕೂತು ಕೇಳಿದಳು, "ಆಯಿ, ಹುಲಿಗೆಮ್ಮಗ ಉತ್ತರ ಗೊತ್ತಿತ್ತೇನು?"

ನನಗೆ ಗೊತ್ತಿಲ್ಲ ಎಂದೆ. ಗೊತ್ತಿದ್ದಿರಬೇಕು ಎಂದೂ ಹೇಳಿದೆ.

"ಹಂಗಿದ್ರ ಅಕ್ಕೋರು ಯಾಕ ಸ್ವಲ್ಪ ತಡೀಲಿಲ್ಲ?"

ಶಾಲೆ ಶುರುವಾಗುವುದು ನಾಳೆ. ಆದರೆ ನಿನ್ನೆ ಊಟದ ಹೊತ್ತಿಗೆ ಇನ್ನೊಂದು ರೊಟ್ಟಿ ಹಾಕಲೇ ಎಂದು ನಾನು ಕೇಳಿದೆ. ಅವಳು ತಟ್ಟೆ ಬಿಟ್ಟು ಎದ್ದು ನಿಂತಳು. ಭುಜ ಮೇಲೆದ್ದಿತು. ಆಟ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಹೆದರಿದೆ ಅಕ್ಕೋರೆ, ತುಂಬ ಹೆದರಿದೆ. ಸೊಸೆ ಮಾತ್ರ ಎಷ್ಟು ಚೆನ್ನಾಗಿ ಹೊಂದುತ್ತಾಳೆ ನೋಡಿ ಎಂದಳು.

ಬಹುಮಾನ ಗೆದ್ದ ಶಾಲೆಯ ಜೊತೆಗಾತಿ ಒಂದು ಕೊಡುಗೆ ಆರಿಸಿಕೊಳ್ಳಬಹುದು. ನೀರು ಸೋಸುವ ಯಂತ್ರ ಹಳತಾಗಿದೆ, ಹೊಸದನ್ನು ಕೇಳು ಎಂದು ಪಂಚರು ಹೇಳಿ ಕಳಿಸಿದ್ದರು. ಗೋಡೆ ತೋರಿಸಿದ ಕೊಡುಗೆಗಳ ಸಾಲಿನ ತೀರ ಕೆಳಗೆ, ಯಾರೂ ಆರಿಸದ ಒಂದು ಇದೆ: 'ಈ ಪಾಠದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಪಾಠ ಮಾಡಿದ ಶಿಕ್ಷಕಿಗೆ ತಿಳಿಸಿ.' ಇನ್ನೂರು ವರ್ಷದ ಹಿಂದಿನವರಿಗೆ ಹೇಗೆ ತಿಳಿಸುವುದು ಎಂದು ಗೋಡೆಯನ್ನು ಕೇಳಿದೆ. ತಲುಪಿಸಲಾಗುವುದು, ಪಾಠಕ್ಕೆ ಮುಂಚಿತವಾಗಿಯೇ ತಲುಪಿಸಲಾಗುವುದು ಎಂದು ಬರೆದು ತೋರಿಸಿತು. ಅದು ಇಂದಿನವರೆಗೆ ಕೊಡುತ್ತೇನೆ ಎಂದದ್ದನ್ನು ಕೊಡದೇ ಇದ್ದದ್ದಿಲ್ಲ. ನಾನು ಅದನ್ನೇ ಒತ್ತಿದೆ. ಊರಿನವರು ನನ್ನ ಮೇಲೆ ಕೆಂಡ ಕಾರುತ್ತಿದ್ದಾರೆ, ಸೊಸೆ ಮಾತು ಬಿಟ್ಟಿದ್ದಾಳೆ. ಕಸ್ತೂರಿಯ ತಾಯಿ ಮಾತ್ರ ಬಂದು ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಇದೇ ನನ್ನ ಅಭಿಪ್ರಾಯ, ಇದೇ ನನ್ನ ಬೇಡಿಕೆ. ಹುಲಿಗೆಮ್ಮ ಎದ್ದು ನಿಂತಾಗ ಕ್ಯಾಮೆರಾದವರತ್ತ ನೋಡಬೇಡಿ. ಅವರು ಕೈ ಬೀಸಲಿ, ಗಡಿಯಾರ ತೋರಿಸಲಿ. ನೀವು ಸ್ವಲ್ಪ ತಡೆಯಿರಿ, ಕಾಯಿರಿ. ಅವಳ ಮುಖ ನೋಡುವ ಭಾಗ್ಯ ಇರುವುದು ನಿಮಗೊಬ್ಬರಿಗೇ. ಉತ್ತರ ಸರಿ ಇರಲಿ, ತಪ್ಪಿರಲಿ, ಮಧ್ಯಾಹ್ನದ ನೆರಳು ದೆವ್ವದ ಮನೆಗೆ ಊಟಕ್ಕೆ ಹೋಗುತ್ತದೆ ಎಂದೇ ಹೇಳಲಿ, ಅವಳು ಹೇಳಿ ಮುಗಿಸಲಿ.

ಇದರಿಂದ ಏನಾಗುತ್ತದೆ ಎಂದು ನಾನು ಯೋಚಿಸದೆ ಬರೆಯುತ್ತಿಲ್ಲ. ಇಪ್ಪತ್ತು ನಿಮಿಷ ಮೀರುತ್ತದೆ, ನಿಮ್ಮ ಪಾಠವನ್ನು ಬದಿಗಿಡುತ್ತಾರೆ. ನಿಮ್ಮ ಕೊಠಡಿಗೆ ತಗಡು ಬರುವುದಿಲ್ಲ, ಮಕ್ಕಳಿಗೆ ಪುಸ್ತಕದ ಕಪಾಟು ಬರುವುದಿಲ್ಲ. ನಿಮ್ಮ ಮಕ್ಕಳ ಬಾಯಿಗೆ ಬಂದದ್ದನ್ನು ನನ್ನ ಮೊಮ್ಮಗಳಿಗಾಗಿ ಕಿತ್ತುಕೊಳ್ಳುತ್ತಿದ್ದೇನೆ, ಅದಕ್ಕೆ ನನಗೆ ನಾಚಿಕೆ ಇದೆ. ನಮಗೂ ಗೋಡೆ ಇರುವುದಿಲ್ಲ, ಹಿಟ್ಟು ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಈ ಕಾಗದ ಬರೆದ ಪಾರ್ವತೆವ್ವ ಇರುತ್ತಾಳೋ ಇಲ್ಲವೋ, ಅದೂ ಗೊತ್ತಿಲ್ಲ. ಹೀಗಿದ್ದೂ ಕೇಳುತ್ತಿದ್ದೇನೆ. ನೀವು ನನ್ನನ್ನು ಓದಿಸಿದ ಅಕ್ಕೋರು, ನಿಮ್ಮ ಮುಖವನ್ನು ನನ್ನ ತಾಯಿಯ ಮುಖಕ್ಕಿಂತ ಹೆಚ್ಚು ನೋಡಿದ್ದೇನೆ, ನೀವು ಇಲ್ಲ ಎನ್ನಲಾರಿರಿ.

ನಾಳೆ ಬೆಳಿಗ್ಗೆ ಎಂದಿನಂತೆ ಹೋಗಿ ಶಾಲೆಯ ಬಾಗಿಲು ತೆಗೆಯುತ್ತೇನೆ. ನೀವು ಅಲ್ಲಿ ನಿಂತಿದ್ದರೆ, ನನ್ನ ಕಾಗದ ತಲುಪಲಿಲ್ಲ ಎಂದು ತಿಳಿದು ಸುಗಂಧಿಯ ಕೈ ಹಿಡಿದು ಅವಳ ಜಾಗಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ. ಗೋಡೆ ಬರೀ ಮಣ್ಣಿನ ಗೋಡೆಯಾಗಿದ್ದರೆ, ಮಕ್ಕಳು ನನ್ನ ಮುಖ ನೋಡುತ್ತಾ ಕೂರುತ್ತಾರೆ. ನನಗೆ ಪಾಠ ಮಾಡಲು ಬರುವುದಿಲ್ಲ. ಅವರು ಕೇಳಲಿ, ನಾನು ಗೊತ್ತಿಲ್ಲ ಎನ್ನುತ್ತೇನೆ. ಅಲ್ಲಿಂದಲೇ ಶುರು ಮಾಡುತ್ತೇವೆ.

ನಿಮ್ಮ ಶಿಷ್ಯೆ,
ಪಾರ್ವತೆವ್ವ