ಅಮ್ಮ ಬಂದದ್ದಲ್ಲ, ನಾನು ಕುಣಿದದ್ದು

ಯಲಹಂಕ
ಬುಧವಾರ, ೧೭ ಜೂನ್ ೧೯೬೪

ನನ್ನ ಪ್ರೀತಿಯ, ಅತಿ ಪ್ರೀತಿಯ ನಿಮಗೆ,

(ಗಂಡನ ಹೆಸರು ಬರೆದರೆ ಆಯುಸ್ಸು ಕಡಿಮೆ ಎಂದು ಅತ್ತೆ ಹೇಳುವಾಗ ನಗುತ್ತಿದ್ದೆ. ಈಗ ಬರೆಯಲು ಧೈರ್ಯವಿಲ್ಲ.)

ಹೇಗಿದ್ದೀರಿ? ಭಿಲಾಯಿಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದಿದ್ದಿರಿ, ನಿಂತಿತೆ? ಟ್ರೈನಿಂಗ್ ಹಾಸ್ಟೆಲಿನ ರೊಟ್ಟಿ ಹೊಟ್ಟೆಗೆ ಹಿಡಿಯಿತೆ? ನಿಮ್ಮ ನೀಲಿ ಶರ್ಟನ್ನು ಒಗೆಯದೆ ನನ್ನ ಟ್ರಂಕಿನಲ್ಲಿಟ್ಟುಕೊಂಡಿದ್ದೇನೆ. ಏಕೆಂದು ಕೇಳಬೇಡಿ, ನಾಚಿಕೆ.

ಮಲ್ಲೇಶ್ವರದ ನನ್ನ ಡ್ಯಾನ್ಸ್ ಕ್ಲಾಸನ್ನು ಹೊಲಿಗೆ ಕ್ಲಾಸ್ ಎಂದು ಅತ್ತೆಗೆ ಹೇಳಿದವರು ನೀವು, ಬಾಯಿ ಮುಚ್ಚಿಕೊಂಡು ನಕ್ಕವಳು ನಾನು. ಮಾಸ್ಟರ್ ಈ ಸಲದ ಬ್ಯಾಲೆಗೆ ಹೆಜ್ಜೆಗಳನ್ನೇ ಹೇಳಿಕೊಡುತ್ತಿಲ್ಲ ಗೊತ್ತೆ? ಪರದೆಯ ಹಿಂದೆ ಮದ್ದಳೆಯವನು ತನಗೆ ತೋಚಿದ ಹಾಗೆ ಪೆಟ್ಟು ಬದಲಿಸುತ್ತಾನೆ, ನಾವು ಆ ಕ್ಷಣಕ್ಕೇ ಮೈಯಲ್ಲಿ ಉತ್ತರ ಕೊಡಬೇಕು. "ಮುಂದಿನ ಹೆಜ್ಜೆ ಮೊದಲೇ ಗೊತ್ತಿದ್ರೆ ಅದು ಡ್ರಿಲ್ಲು ಕಣಮ್ಮ" ಎನ್ನುತ್ತಾರೆ. ಪ್ರದರ್ಶನ ಆಷಾಢದಲ್ಲಿ. ಹೊಸ ಸೊಸೆ ಆಗ ತವರಿನಲ್ಲೇ ಇರಬೇಕಲ್ಲ, ಯಾರಿಗೂ ಸುಳ್ಳು ಹೇಳದೆ ಕುಣಿಯಬಹುದೆಂದು ಎಷ್ಟು ಹಿಗ್ಗಿದ್ದೆ.

ಕಳೆದ ಶುಕ್ರವಾರ ಅತ್ತೆ ಚಿಕ್ಕಜಾಲಕ್ಕೆ ಹೋಗಿದ್ದರು. ನಾನು ಎಣ್ಣೆನೀರು ಹಾಕಿಕೊಂಡು ಹಿತ್ತಿಲಲ್ಲಿ ಕೂದಲು ಒಣಗಿಸುತ್ತಿದ್ದೆ. ಗೋಡೆಯಾಚೆ ಲಕ್ಕಣ್ಣ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದ. ಹದ ನೋಡಲು ಒಂದು ಪೆಟ್ಟು, ಆಮೇಲೆ ಎರಡು, ತಡೆದು ಇನ್ನೊಂದು. ಮಾಸ್ಟರ್ ಕೇಳಿದ್ದರೆ ಅವನನ್ನು ಎತ್ತಿಕೊಂಡೇ ಹೋಗುತ್ತಿದ್ದರು. ನಾನು ಕುಣಿದೆ. ಕಣ್ಣು ಬಿಟ್ಟಾಗ, ಯಾವಾಗ ವಾಪಸು ಬಂದರೋ, ಅತ್ತೆ ನನ್ನ ಕಾಲ ಮೇಲೆ ಬಿದ್ದಿದ್ದರು. "ಯಾರವ್ವಾ ನೀನು? ಯಾವ ತಾಯಿ ಬಂದಿದ್ದೀಯ ನಮ್ಮನೇಗೆ?" ಏದುಸಿರಿನಲ್ಲಿ ನಾನು "ನೀರು" ಎಂದೆ. ಪಕ್ಕದ ಮನೆಯ ಅಂಜಿನಮ್ಮ ಒಂದು ಕೊಡ ಅರಿಶಿನದ ನೀರು ತಂದು ತಲೆಯ ಮೇಲೆ ಸುರಿದಳು. ಆಗಲೇ ನಿಜ ಹೇಳಬೇಕಿತ್ತು. ಅತ್ತೆಯ ಮುಖದಲ್ಲಿದ್ದ ಸಂತೋಷ ನೋಡಿ ಬಾಯಿ ಬರಲಿಲ್ಲ.

ಈಗ ಅತ್ತೆ ನನಗೆ ಪಾತ್ರೆ ಮುಟ್ಟಗೊಡುವುದಿಲ್ಲ. ಬಸ್ಸು ಹತ್ತುವ ಹಾಗಿಲ್ಲ. "ಅಮ್ಮ ಬಂದಿರೋ ಸೊಸೇನ ಆಸಾಡಕ್ಕೂ ಕಳ್ಸಾಕಿಲ್ಲ" ಎಂದು ಅಪ್ಪನಿಗೆ ಹೇಳಿಕಳಿಸಿದ್ದಾರೆ. ನಿನ್ನೆ ಮಂಗಳವಾರ ಬೀದಿಯವರನ್ನೆಲ್ಲ ಕರೆದು ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿದರು. ಕಲ್ಲಿನ ಹಾಗೆ ನಿಂತುಬಿಟ್ಟರೆ ತಾವೇ ತಿಳಿದುಕೊಳ್ಳುತ್ತಾರೆಂದುಕೊಂಡೆ. ಲಕ್ಕಣ್ಣ ಪೆಟ್ಟು ಹಾಕಿದ. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಅಂಜಿನಮ್ಮ ಜ್ವರದ ಮೊಮ್ಮಗನನ್ನು ಎತ್ತಿ ಹಿಡಿದು, "ಆಸ್ಪತ್ರೇಗೆ ಒಯ್ಯಲಾ, ನಿನ್ ಮಡ್ಲಿಗೇ ಆಕ್ಲಾ?" ಎಂದಳು. ಕುಣಿತ ನಿಲ್ಲಿಸಿ ಮಾತು ಹುಡುಕುವಷ್ಟರಲ್ಲಿ ಅತ್ತೆ, "ಸುಮ್ಕವ್ಳೆ, ಒಪ್ಕೊಂಡವ್ಳೆ" ಎಂದು ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿದರು. ಡಾಕ್ಟರ ಔಷಧಿ ನಿಂತಿದೆ.

ಇವತ್ತು ಬೆಳಗ್ಗೆ ಅತ್ತೆಗೆ ಎಲ್ಲವನ್ನೂ ಹೇಳಿದೆ, ಹೊಲಿಗೆ ಕ್ಲಾಸಿನ ಸುಳ್ಳನ್ನೂ. ಅವರು ಕಣ್ಣೊರೆಸಿಕೊಂಡು ಕೈಮುಗಿದರು. "ಇಂಗೆಲ್ಲ ಪರೀಕ್ಸೆ ಮಾಡ್ಬ್ಯಾಡ ತಾಯಿ." ಅಂಜಿನಮ್ಮನೂ ಹಾಗೆಯೇ. ಎಷ್ಟು ಅತ್ತರೂ ಅದು ಅಮ್ಮನ ಅಳುವೇ ಆಗುತ್ತದೆ. ನೀವು ಮಗ, ನಿಮ್ಮ ಮಾತನ್ನು ನಂಬುತ್ತಾರೆ. ಟೆಲಿಗ್ರಾಂ ಕೊಡಿ, ರತ್ನಾ ಕುಣಿದದ್ದು ಡ್ಯಾನ್ಸ್, ಮಗುವನ್ನು ಆಸ್ಪತ್ರೆಗೆ ಸೇರಿಸಿ ಎಂದು. ನಿಮ್ಮ ಕಾಲಿಗೆ ಬೀಳುತ್ತೇನೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ನನ್ನದೆಂದು ಏನು ಉಳಿದಿದೆಯೋ ಅದೆಲ್ಲ ನಿಮಗೆ.

ನಿಮ್ಮವಳೇ ಆದ
ರತ್ನಾ

ಮರೆತ ಮಾತು: ಟೆಲಿಗ್ರಾಂ ಬೇಡ. ಮಗು ಹಾಲು ಹಿಡಿಯುತ್ತಿಲ್ಲ, ಉಸಿರಿನ ಸದ್ದು ಬದಲಾಗಿದೆ. ಇವರು ನನ್ನ ಮಾತು ಕೇಳುವುದಿಲ್ಲ, ಅಮ್ಮನ ಮಾತು ಕೇಳುತ್ತಾರೆ. ಲಕ್ಕಣ್ಣನಿಗೆ ಹೇಳಿಕಳಿಸಿದ್ದೇನೆ. ಕುಣಿದು, "ಈಗಲೇ ಆಸ್ಪತ್ರೆಗೆ ಒಯ್ಯಿರಿ" ಎನ್ನುತ್ತೇನೆ. ಆಮೇಲೆ ಅದು ಡ್ಯಾನ್ಸ್ ಎಂದು ನೀವು ಬಂದು ಹೇಳಿದರೂ ಯಾರೂ ನಂಬುವುದಿಲ್ಲ. ಮಾಸ್ಟರಿಗೆ ನಾನು ಬರುವುದಿಲ್ಲ ಎಂದು ನೀವೇ ಬರೆದುಬಿಡಿ. ನನ್ನ ಭಯ ಅದಲ್ಲ. ತಮಟೆ ಬಿದ್ದ ಮೇಲೆ ಮುಂದಿನ ಹೆಜ್ಜೆ ನನಗೇ ಗೊತ್ತಿರುವುದಿಲ್ಲ, ಮಾತಾದರೂ ನೆನಪಿರುತ್ತದೆಯೆ? ಬೀದಿಯಿಂದ ಹುಲ್ಲು ಸುಟ್ಟ ವಾಸನೆ ಬರುತ್ತಿದೆ. ಕೂದಲು ಬಿಚ್ಚಬೇಕು.